ಎಲೆನ್ ಟೆರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ರಂಗಭೂಮಿಯ ಬಗ್ಗೆ ಓದುವಾಗ ಈ ಹೆಸರು ಎಲ್ಲೋ ಒಂದು ಕಡೆ ಬಂದೇ ಬರುತ್ತದೆ. ಒಂದು ಸಾಲು ಬರುತ್ತದೆ, ಮತ್ತೆ ಮಾಯವಾಗುತ್ತದೆ. ನಾಟಕದ ಗೆಳೆಯರು ನನ್ನನ್ನು ಆಗಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಹುಡುಗಿಯಾಗಿದ್ದಾಗಿನ ಸಂಗತಿ ಬಂದಾಗ ‘ಅವಳು’ ಅಂತ ಬರೆದಿದ್ದೇನೆ, ಬೆಳೆದ ಮೇಲೆ ‘ಅವರು’.

ಎಲೆನ್ ಟೆರಿ ಯಾರು? ಚಿಕ್ಕದಾಗಿ ಹೇಳಿ.

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಅತಿ ದೊಡ್ಡ ನಟಿ. ಹುಟ್ಟಿದ್ದು 1847ರ ಫೆಬ್ರವರಿ 27, ಕವೆಂಟ್ರಿ ಊರಿನಲ್ಲಿ. ತೀರಿಕೊಂಡದ್ದು 1928ರ ಜುಲೈ 21, ಕೆಂಟ್ ಜಿಲ್ಲೆಯ ಸ್ಮಾಲ್‌ಹೈತ್‌ನಲ್ಲಿ. ಒಂಬತ್ತನೇ ವಯಸ್ಸಿಗೆ ಬಣ್ಣ ಹಚ್ಚಿದವರು ಎಪ್ಪತ್ತೆಂಟನೇ ವಯಸ್ಸಿನವರೆಗೂ ರಂಗದ ಮೇಲೆ ಕಾಣಿಸಿಕೊಂಡರು. ಷೇಕ್ಸ್‌ಪಿಯರ್ ನಾಟಕಗಳ ಪೋರ್ಷಿಯಾ, ಒಫೀಲಿಯಾ, ಬಿಯಾಟ್ರಿಸ್, ಲೇಡಿ ಮ್ಯಾಕ್‌ಬೆತ್ ಪಾರ್ಟುಗಳಿಗೆ ಹೆಸರಾದವರು. ಲಂಡನ್ನಿನ ಲೈಸಿಯಂ ಥಿಯೇಟರಿನಲ್ಲಿ ಹೆನ್ರಿ ಇರ್ವಿಂಗ್ ಜೊತೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿದರು.

ನಾಟಕಕ್ಕೆ ಬಂದದ್ದು ಹೇಗೆ?

ಬರಲಿಲ್ಲ, ಅಲ್ಲೇ ಹುಟ್ಟಿದರು. ಅಪ್ಪ ಬೆನ್ ಟೆರಿ, ಅಮ್ಮ ಸಾರಾ ಇಬ್ಬರೂ ಊರೂರು ತಿರುಗುವ ನಟರು. ಕ್ಯಾಂಪು ಎಲ್ಲಿ ಬೀಳುತ್ತದೋ ಅಲ್ಲೇ ಬಾಡಿಗೆ ಕೋಣೆ, ಅಲ್ಲೇ ಸಂಸಾರ. ಕವೆಂಟ್ರಿಯಲ್ಲಿ ಹುಟ್ಟಿದ್ದೂ ಹಾಗೆಯೇ, ಅಪ್ಪ ಅಮ್ಮ ನಾಟಕಕ್ಕೆಂದು ಬಂದು ಉಳಿದುಕೊಂಡಿದ್ದ ಕೋಣೆಯಲ್ಲಿ. ನಮ್ಮ ಕಂಪನಿ ನಾಟಕಗಳ ಮನೆತನಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹನ್ನೊಂದು ಮಕ್ಕಳು ಹುಟ್ಟಿದ ಮನೆ. ಕೇಟ್, ಎಲೆನ್, ಮರಿಯನ್, ಫ್ಲಾರೆನ್ಸ್, ಫ್ರೆಡ್ ಎಲ್ಲರೂ ನಟರಾದರು. ಮೊದಲು ಹೆಸರು ಮಾಡಿದ್ದು ಅಕ್ಕ ಕೇಟ್. 1867ರಲ್ಲಿ ಕೇಟ್ ಮದುವೆಯಾಗಿ ರಂಗ ಬಿಟ್ಟಾಗ, ‘ಟೆರಿ’ ಅಂದರೆ ಜನರಿಗೆ ನೆನಪಾಗುತ್ತಿದ್ದದ್ದು ಎಲೆನ್ ಅಲ್ಲ.

ಶಾಲೆಗೆ ಹೋಗಿದ್ದರಾ?

ಇಲ್ಲ. ಅಪ್ಪ ಮಾತಿನ ಉಚ್ಚಾರ ತಿದ್ದಿದರು, ಅಮ್ಮ ಓದು ಬರಹ ಕಲಿಸಿದರು. ಉಳಿದದ್ದೆಲ್ಲ ತಾಲೀಮಿನಲ್ಲಿ.

ಮೊದಲ ಪಾರ್ಟು ಯಾವುದು? ಎಡವಿ ಬಿದ್ದರಂತಲ್ಲ?

ಹೌದು, ಬಿದ್ದಳು. 1856ರ ಏಪ್ರಿಲ್ 28. ಲಂಡನ್ನಿನ ಪ್ರಿನ್ಸೆಸ್ ಥಿಯೇಟರ್. ನಾಟಕ ‘ದ ವಿಂಟರ್ಸ್ ಟೇಲ್’, ಕಂಪನಿಯ ಯಜಮಾನ ಚಾರ್ಲ್ಸ್ ಕೀನ್. ಎಲೆನ್‌ಗೆ ಮೆಮಿಲಿಯಸ್ ಎಂಬ ಪುಟ್ಟ ರಾಜಕುಮಾರನ ಪಾರ್ಟು. ಕೀನ್ ಎಂಥ ಮನುಷ್ಯ ಅಂದರೆ, ಮಗುವಿನ ಕೈಯಲ್ಲಿರುವ ಆಟದ ಗಾಡಿಯೂ ಪುರಾತನ ಗ್ರೀಕರ ಪಾತ್ರೆಯ ಮೇಲಿನ ಚಿತ್ರದಂತೆಯೇ ಇರಬೇಕು. ಆ ಗಾಡಿಯನ್ನು ಎಳೆದುಕೊಂಡು ಓಡು ಅಂದರು. ಓಡಿದಳು, ಗಾಡಿಗೇ ಎಡವಿ ಅಂಗಾತ ಬಿದ್ದಳು. ಎದುರಿಗೆ ವಿಕ್ಟೋರಿಯಾ ರಾಣಿ ಮತ್ತು ಆಲ್ಬರ್ಟ್ ಕೂತಿದ್ದಾರೆ. ಜನ ನಕ್ಕರು. ತನ್ನ ನಾಟಕದ ಬಾಳು ಇವತ್ತಿಗೆ ಮುಗಿಯಿತು ಅಂದುಕೊಂಡಳಂತೆ ಆ ಒಂಬತ್ತರ ಹುಡುಗಿ. ಆ ನಾಟಕ 102 ರಾತ್ರಿ ಓಡಿತು. ಒಂದು ರಾತ್ರಿಯನ್ನೂ ಅವಳು ತಪ್ಪಿಸಲಿಲ್ಲ.

ಕಾಲ್ಬೆರಳು ಮುರಿದುಕೊಂಡು ನಾಟಕ ಮುಗಿಸಿದ ಕಥೆ ನಿಜವಾ?

ಅವರೇ ಬರೆದುಕೊಂಡಿದ್ದಾರೆ. ಅದೇ ವರ್ಷ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಪಕ್ ಎಂಬ ತುಂಟ ಯಕ್ಷನ ಪಾರ್ಟು. ಕೊನೆಯ ಮಾತಾಡಲು ಪಕ್ ರಂಗದ ನೆಲದೊಳಗಿನ ಕಿಂಡಿಯಿಂದ ಮೇಲೆ ಬರಬೇಕು. ಒಂದು ರಾತ್ರಿ ಪೂರ್ತಿ ಮೇಲೆ ಬರುವ ಮೊದಲೇ ಕಿಂಡಿಯ ಬಾಗಿಲು ಮುಚ್ಚಿತು. ಕಾಲ್ಬೆರಳು ಸಿಕ್ಕಿಕೊಂಡಿತು. ಕಿರುಚಿದಳು. ಜೊತೆಗೆ ರಂಗದ ಮೇಲಿದ್ದ ಅಕ್ಕ ಕೇಟ್, ಕೆಳಗಿನವರಿಗೆ ಸುಳಿವು ಸಿಗಲಿ ಅಂತ ನೆಲಕ್ಕೆ ಕಾಲು ಬಡಿದಳು. ಅದು ಅವರಿಗೆ ಬೇರೆ ರೀತಿ ಅರ್ಥವಾಗಿ ಬಾಗಿಲು ಇನ್ನೂ ಬಿಗಿಯಿತು. ಕೊನೆಗೆ ಹೇಗೋ ಬಿಡಿಸಿದರು. ಯಜಮಾನನ ಹೆಂಡತಿ ಓಡಿ ಬಂದು, ‘ನಾಟಕ ಮುಗಿಸಮ್ಮ, ಸಂಬಳ ಎರಡರಷ್ಟು ಮಾಡ್ತೀನಿ’ ಅಂದರು. ಅಳುತ್ತಲೇ ಕೊನೆಯ ಮಾತು ಮುಗಿಸಿದಳು. ವಾರಕ್ಕೆ 15 ಷಿಲಿಂಗ್ ಇದ್ದದ್ದು 30 ಆಯಿತು.

ಈ ಕಥೆಯನ್ನು ಮುದ್ದಾದ ಬಾಲನಟಿಯ ಕಥೆ ಅಂತ ಹೇಳುವವರೇ ಜಾಸ್ತಿ. ನನಗೆ ಮಾತ್ರ ಇದು ಕೂಲಿಯ ಕಥೆ ಅನ್ನಿಸುತ್ತದೆ. ನೋವಿಗೂ ಒಂದು ರೇಟು ಇದೆ ಅಂತ ಒಂಬತ್ತನೇ ವಯಸ್ಸಿಗೇ ಗೊತ್ತಾಯಿತು.

ಹದಿನಾರಕ್ಕೇ ಮದುವೆಯಾದರಾ?

ಹದಿನೇಳು ತುಂಬಲು ಒಂದು ವಾರ ಇತ್ತು. 1864ರ ಫೆಬ್ರವರಿ 20. ಗಂಡ ಜಿ. ಎಫ್. ವಾಟ್ಸ್ ಹೆಸರಾಂತ ಚಿತ್ರಕಾರ, ವಯಸ್ಸು 46. ಅವರು ಎಲೆನ್‌ರನ್ನು ಎದುರಿಗೆ ಕೂರಿಸಿ ಬರೆದ ಚಿತ್ರಗಳು ಇವತ್ತಿಗೂ ಇವೆ. ಅದರಲ್ಲಿ ‘ಚೂಸಿಂಗ್’ ಎಂಬುದು ಚಂದ: ವಾಸನೆಯೇ ಇಲ್ಲದ ಮೆರುಗಿನ ಕ್ಯಾಮೀಲಿಯಾ ಹೂವನ್ನು ಮೂಗಿನ ಹತ್ತಿರ ಹಿಡಿದ ಹುಡುಗಿ, ಇನ್ನೊಂದು ಕೈಯಲ್ಲಿ ಘಮಘಮಿಸುವ ಸಣ್ಣ ಹೂಗಳು. ಮದುವೆಯಾದ ವರ್ಷವೇ ಜೂಲಿಯಾ ಮಾರ್ಗರೆಟ್ ಕ್ಯಾಮೆರನ್ ತೆಗೆದ ಫೋಟೊಗೆ ಇಟ್ಟ ಹೆಸರು ‘ಸ್ಯಾಡ್‌ನೆಸ್’, ಅಂದರೆ ದುಃಖ. ಹತ್ತು ತಿಂಗಳಿಗೆ ಸಂಸಾರ ಮುರಿಯಿತು. ವಿಚ್ಛೇದನ ಸಿಕ್ಕಿದ್ದು ಮಾತ್ರ 1877ರಲ್ಲಿ.

ನಡುವೆ ಆರು ವರ್ಷ ಎಲ್ಲಿ ಮಾಯವಾದರು?

ಹಾರ್ಪೆಂಡನ್ ಎಂಬ ಹಳ್ಳಿ ಕಡೆ. ತಮ್ಮ ಕಾಲದ ದೊಡ್ಡ ವಾಸ್ತುಶಿಲ್ಪಿ, ವಿನ್ಯಾಸಕಾರ ಎಡ್ವರ್ಡ್ ವಿಲಿಯಂ ಗಾಡ್ವಿನ್ ಜೊತೆ 1868ರಲ್ಲಿ ಹೊರಟುಹೋದರು. ವಾಟ್ಸ್ ಜೊತೆಗಿನ ಮದುವೆ ಕಾನೂನಿನ ಲೆಕ್ಕದಲ್ಲಿ ಇನ್ನೂ ಇತ್ತು, ಹಾಗಾಗಿ ಗಾಡ್ವಿನ್‌ರನ್ನು ಮದುವೆಯಾಗುವಂತಿಲ್ಲ. ಯಾರಿಗೂ ಹೇಳದೆ ಹೋದದ್ದರಿಂದ ಒಂದು ಫಜೀತಿ ಆಯಿತು. ಥೇಮ್ಸ್ ನದಿಯಲ್ಲಿ ಒಬ್ಬ ಹುಡುಗಿಯ ಹೆಣ ಸಿಕ್ಕಿತು. ಅಪ್ಪ ನೋಡಿ, ನನ್ನ ಮಗಳೇ ಅಂದುಬಿಟ್ಟರು. ಅಮ್ಮ ಮಾತ್ರ ತೋಳಿನ ಮೇಲೆ ಮಚ್ಚೆ ಇಲ್ಲ ಅಂತ ಗಮನಿಸಿದರು. ಎಲೆನ್ ಊರಿಗೆ ಓಡಿ ಬಂದು, ನಾನು ಬದುಕಿದ್ದೇನೆ ಅಂತ ತೋರಿಸಬೇಕಾಯಿತು.

ಹಳ್ಳಿಯಲ್ಲಿ ಕೋಳಿ ಸಾಕಿದರು, ತೋಟ ಮಾಡಿದರು, ಬೆಳಗಿನ ಜಾವ ಎದ್ದು ಒಲೆ ಹಚ್ಚಿದರು. ಮಗಳು ಎಡಿತ್ 1869ರಲ್ಲಿ, ಮಗ ಎಡ್ವರ್ಡ್ 1872ರಲ್ಲಿ ಹುಟ್ಟಿದರು. ರಂಗದ ನೆನಪೂ ಬರಲಿಲ್ಲ ಅಂತ ಬರೆದುಕೊಂಡಿದ್ದಾರೆ. ಆದರೆ ಗಾಡ್ವಿನ್ ಕೈಯಲ್ಲಿ ದುಡ್ಡು ನಿಲ್ಲುತ್ತಿರಲಿಲ್ಲ.

ಮತ್ತೆ ವಾಪಸ್ ಬಂದದ್ದು ಹೇಗೆ?

ಇದು ನಾಟಕದ ಸೀನಿನ ಹಾಗೇ ಇದೆ. ಹಳ್ಳಿಯ ಓಣಿಯಲ್ಲಿ ಎಲೆನ್ ಓಡಿಸುತ್ತಿದ್ದ ಕುದುರೆಗಾಡಿಯ ಚಕ್ರ ಕಳಚಿತು. ಏನು ಮಾಡುವುದು ಅಂತ ನಿಂತಿದ್ದಾಗ ಬೇಲಿ ಹಾರಿ ಬೇಟೆಗಾರರ ಗುಂಪು ಬಂತು. ಅದರಲ್ಲಿ ಒಬ್ಬರು ಹಳೆಯ ಪರಿಚಯದ ನಾಟಕಕಾರ ಚಾರ್ಲ್ಸ್ ರೀಡ್. ಪರಿಚಯದವರಿಗೆ ಎಲೆನ್ ಅಂದರೆ ‘ನೆಲ್ಲಿ’. ‘ಅಯ್ಯೋ ದೇವರೇ, ನೆಲ್ಲಿ ಅಲ್ವಾ! ಇಷ್ಟು ವರ್ಷ ಎಲ್ಲಿದ್ದೆ?’ ‘ಸುಖವಾಗಿದ್ದೆ.’ ‘ಸುಖಪಟ್ಟಿದ್ದು ಸಾಕು, ರಂಗಕ್ಕೆ ಬಾ.’ ಖಂಡಿತ ಇಲ್ಲ ಅಂದವರಿಗೆ, ಸಾಲಕ್ಕಾಗಿ ಮನೆಗೆ ಜಪ್ತಿಯವನು ಬಂದು ಕೂತಿರುವುದು ನೆನಪಾಯಿತು. ‘ವಾರಕ್ಕೆ 40 ಪೌಂಡ್ ಕೊಟ್ಟರೆ ಬರ್ತೀನಿ’ ಅಂದರು. ರೀಡ್ ಅಲ್ಲೇ ಒಪ್ಪಿಕೊಂಡರು. 1874ರಲ್ಲಿ ಅವರದೇ ‘ದ ವಾಂಡರಿಂಗ್ ಏರ್’ ನಾಟಕದಲ್ಲಿ ಎಲೆನ್ ಮತ್ತೆ ಬಣ್ಣ ಹಚ್ಚಿದರು.

ಕಲೆ ಕರೆಯಿತು, ಹೋದರು ಅಂತ ಬರೆಯುವವರು ಆ ಜಪ್ತಿಯವನನ್ನು ಮರೆಯಬಾರದು. ಮಾರನೇ ವರ್ಷ ಗಾಡ್ವಿನ್ ಮನೆ ಬಿಟ್ಟು ಹೋದರು. ಎರಡು ಮಕ್ಕಳನ್ನು ಸಾಕಿದ್ದು ಎಲೆನ್‌ರ ಸಂಪಾದನೆ.

ಹೆಸರು ತಂದುಕೊಟ್ಟ ಪಾರ್ಟು ಯಾವುದು?

1875ರ ಪೋರ್ಷಿಯಾ. ವಿಚಿತ್ರ ಅಂದರೆ ಆ ‘ಮರ್ಚೆಂಟ್ ಆಫ್ ವೆನಿಸ್’ ಬಿದ್ದುಹೋಯಿತು, ಕೆಲವೇ ವಾರ ಓಡಿತು. ಬಡ್ಡಿ ಸಾಹುಕಾರ ಶೈಲಾಕ್‌ನ ಪಾರ್ಟು ಮಾಡಿದವರು ಸೋತರು. ಆದರೆ ನೋಡಿದವರು ಎಲೆನ್ ಬಗ್ಗೆ ಮಾತಾಡಿದರು. ಎದುರಿಗೆ ಕೂತ ಜನ ಪೂರ್ತಿ ತನ್ನ ಹಿಡಿತಕ್ಕೆ ಬಂದಿದ್ದಾರೆ ಅನ್ನುವುದು ಬಾಳಿನಲ್ಲಿ ಮೊದಲ ಸಲ ಗೊತ್ತಾದದ್ದು ಆ ರಾತ್ರಿ ಅಂತ ಅವರು ನೆನೆಸಿಕೊಳ್ಳುತ್ತಾರೆ. ಆ ಪ್ರದರ್ಶನದ ರಂಗಸಜ್ಜಿಕೆಗೆ ಸಲಹೆ ಕೊಟ್ಟವರು ಗಾಡ್ವಿನ್ ಅವರೇ. ಮನೆ ಮುರಿಯುತ್ತಿದ್ದ ಹೊತ್ತಿನಲ್ಲಿ ಇಬ್ಬರೂ ಕೂಡಿ ಮಾಡಿದ ಕೆಲಸ ಅದು.

ಹೆನ್ರಿ ಇರ್ವಿಂಗ್ ಯಾರು? ಲೈಸಿಯಂ ಅಷ್ಟು ದೊಡ್ಡದಾ?

ಆ ಕಾಲದ ಇಂಗ್ಲೆಂಡಿನ ಅತಿ ದೊಡ್ಡ ನಟ ಇರ್ವಿಂಗ್. 1895ರಲ್ಲಿ ‘ಸರ್’ ಪದವಿ ಪಡೆದ ಮೊದಲ ನಟನೂ ಅವರೇ. 1878ರಲ್ಲಿ ಲೈಸಿಯಂ ಥಿಯೇಟರ್ ಅವರ ಕೈಗೆ ಬಂತು. ನಾಯಕಿಯಾಗಿ ಎಲೆನ್‌ರನ್ನು ಕರೆದರು. ಆಗ ಅಲ್ಲಿ ಮ್ಯಾನೇಜರ್ ಆಗಿ ಸೇರಿದವರು ಬ್ರಾಮ್ ಸ್ಟೋಕರ್. ಹೌದು, ಮುಂದೆ ‘ಡ್ರಾಕುಲಾ’ ಬರೆದವರೇ. ಆ ಕಾದಂಬರಿಯೊಳಗೂ ಎಲೆನ್ ಟೆರಿಯ ಹೆಸರು ಒಂದು ಕಡೆ ಬರುತ್ತದೆ.

ಲೈಸಿಯಂ ಅಂದರೆ ಬರೀ ನಾಟಕ ಅಲ್ಲ, ಒಂದು ಉತ್ಸವ. ದೊಡ್ಡ ಚಿತ್ರಕಾರರು ಪರದೆ ಬರೆಯುತ್ತಿದ್ದರು. ‘ಮ್ಯಾಕ್‌ಬೆತ್’ಗೆ ಸಂಗೀತ ಕೊಟ್ಟವರು ಆರ್ಥರ್ ಸಲಿವನ್. 1879ರ ‘ಮರ್ಚೆಂಟ್ ಆಫ್ ವೆನಿಸ್’ 250 ರಾತ್ರಿ ನಡೆಯಿತು. ಕಂಪನಿ 1883ರಿಂದ ಪರದೆ, ಪೆಟ್ಟಿಗೆ ಸಮೇತ ಹಡಗು ಹತ್ತಿ ಮತ್ತೆ ಮತ್ತೆ ಅಮೆರಿಕಕ್ಕೆ ಹೋಗಿ ಬಂತು.

ಒಫೀಲಿಯಾ ಮತ್ತು ಕಪ್ಪು ಉಡುಪಿನ ಕಥೆ ಏನು?

ನನಗೆ ಇಷ್ಟವಾದ ಕಥೆ ಇದು, ಸ್ವಲ್ಪ ಉದ್ದ ಆಗುತ್ತದೆ.

1878ರ ಡಿಸೆಂಬರ್ 30ಕ್ಕೆ ‘ಹ್ಯಾಮ್ಲೆಟ್’. ಲೈಸಿಯಂನಲ್ಲಿ ಎಲೆನ್‌ರ ಮೊದಲ ಪಾರ್ಟು. ಹುಚ್ಚು ಹಿಡಿದ ಒಫೀಲಿಯಾಳನ್ನು ಹೇಗೆ ಆಡಬೇಕು ಅಂತ ತಿಳಿಯಲು ಅವರು ಹುಚ್ಚಾಸ್ಪತ್ರೆಗೆ ಹೋದರು. ಅಲ್ಲಿದ್ದವರು ತೀರಾ ನಾಟಕೀಯವಾಗಿ ಕಂಡರಂತೆ! ಇವರಿಂದ ಕಲಿಯುವುದೇನೂ ಇಲ್ಲ ಅಂತ ಹೊರಟಾಗ, ಗೋಡೆಯನ್ನೇ ನೋಡುತ್ತ ನಿಂತ ಒಬ್ಬ ಹುಡುಗಿ ಕಣ್ಣಿಗೆ ಬಿದ್ದಳು. ಗೋಡೆಗೂ ಅವಳಿಗೂ ನಡುವೆ ಹೋಗಿ ಮುಖ ನೋಡಿದರು. ಮುಖದಲ್ಲಿ ಏನೂ ಇಲ್ಲ. ಆದರೆ ಮೈ ಯಾರಿಗೋ ಕಾಯುತ್ತಿದೆ. ಇದ್ದಕ್ಕಿದ್ದಂತೆ ಕೈ ಮೇಲೆತ್ತಿ, ಹಕ್ಕಿಯ ಹಾಗೆ ಕೋಣೆಯ ಆ ಕೊನೆಗೆ ಓಡಿದಳು. ಎಲೆನ್‌ಗೆ ಬೇಕಾದದ್ದು ಸಿಕ್ಕಿತು.

ಇನ್ನು ಉಡುಪು. ಹುಚ್ಚಿನ ಸೀನಿಗೆ ಕಪ್ಪು ಬಟ್ಟೆ ಹಾಕಬೇಕು ಅಂತ ತೀರ್ಮಾನ ಮಾಡಿ ಹೊಲಿಸಿಯೂ ಆಗಿತ್ತು. ಇರ್ವಿಂಗ್ ಕೇಳಿದರು, ಏನು ಹಾಕ್ತೀರಿ ಅಂತ. ‘ಕಪ್ಪು’ ಅಂದರು. ಇರ್ವಿಂಗ್ ರೆಪ್ಪೆ ಸಹ ಅಲುಗಿಸಲಿಲ್ಲ. ‘ಓ, ಅಪ್ಪ ಸತ್ತ ದುಃಖಕ್ಕಾ?’ ಅಂತ ಮೆಲ್ಲಗೆ ಕೇಳಿ ಸುಮ್ಮನಾದರು. ಆಮೇಲೆ, ಅಲ್ಲೇ ಇದ್ದ ಹಳೆಯ ನಟ ವಾಲ್ಟರ್ ಲೇಸಿಗೆ ಇನ್ನೊಮ್ಮೆ ಹೇಳಿ ಅಂದರು. ಲೇಸಿ ಹೌಹಾರಿದರು: ‘ಅಯ್ಯೋ ತಾಯಿ! ಈ ನಾಟಕದಲ್ಲಿ ಕಪ್ಪು ಬಟ್ಟೆ ಒಬ್ಬರಿಗೇ, ಅದು ಹ್ಯಾಮ್ಲೆಟ್‌ಗೆ!’ ಎಲೆನ್‌ಗೆ ಆಗ ಹೊಳೆಯಿತು. ಒಫೀಲಿಯಾ ಬಿಳಿ ಉಟ್ಟಳು.

ಇರ್ವಿಂಗ್ ಎಂಥವರು ಅನ್ನುವುದಕ್ಕೆ ಇದಕ್ಕಿಂತ ಬೇರೆ ಬೇಕಾ? ಬೇಡ ಅಂತ ತಾವು ಹೇಳಲಿಲ್ಲ, ಬೇರೆಯವರಿಂದ ಹೇಳಿಸಿದರು. ಒಫೀಲಿಯಾಳ ಸೀನುಗಳನ್ನು ಎಲೆನ್ ಜೊತೆ ಸರಿಯಾಗಿ ತಾಲೀಮು ಕೂಡ ಮಾಡಲಿಲ್ಲ. ಕೇಳಿದರೆ, ‘ಎಲ್ಲ ಸರಿಹೋಗುತ್ತೆ’ ಅನ್ನುವುದು. ಮೊದಲ ರಾತ್ರಿ ತನ್ನ ಸೀನು ಮುಗಿದ ಕೂಡಲೇ, ಜನರ ಚಪ್ಪಾಳೆಗೂ ಕಾಯದೆ, ‘ನಾನು ಸೋತೆ’ ಅಂದುಕೊಂಡು ಎಲೆನ್ ಥಿಯೇಟರಿನಿಂದ ಹೊರಟುಹೋದರು. ಸೋತಿರಲಿಲ್ಲ.

ಸಂಬಳ ಎಷ್ಟಿತ್ತು?

ಲೈಸಿಯಂನ ಒಳ್ಳೆಯ ದಿನಗಳಲ್ಲಿ ವಾರಕ್ಕೆ 200 ಪೌಂಡ್. ಆಗಿನ ಇಂಗ್ಲೆಂಡಿನಲ್ಲಿ ದುಡಿಯುವ ಹೆಂಗಸೊಬ್ಬಳಿಗೆ ಅಷ್ಟು ಸಿಗುತ್ತಿದ್ದದ್ದು ಅಪರೂಪ. ಬಂದದ್ದು ಉಳಿಯಲಿಲ್ಲ ಬಿಡಿ. ಮಕ್ಕಳು, ಮಕ್ಕಳ ಸಾಲ, ಕೇಳಿದವರಿಗೆ ಇಲ್ಲ ಅನ್ನದ ಗುಣ.

ಇರ್ವಿಂಗ್ ಮತ್ತು ಎಲೆನ್ ನಡುವೆ ಏನಿತ್ತು?

ಎಲ್ಲರೂ ಕೇಳುವ ಪ್ರಶ್ನೆ. ಇರ್ವಿಂಗ್‌ಗೆ ಹೆಂಡತಿ ಇದ್ದರು, ಜೊತೆಗಿರಲಿಲ್ಲ. 1871ರಲ್ಲಿ ‘ದ ಬೆಲ್ಸ್’ ನಾಟಕ ಭರ್ಜರಿ ಗೆದ್ದ ರಾತ್ರಿ, ಗಾಡಿಯಲ್ಲಿ ಮನೆಗೆ ಹೋಗುವಾಗ ಹೆಂಡತಿ ‘ಬಾಳಿಡೀ ಹೀಗೇ ಪೆದ್ದನ ಹಾಗೆ ಆಡ್ಕೊಂಡು ಇರ್ತೀರಾ?’ ಅಂದರಂತೆ. ಇರ್ವಿಂಗ್ ಗಾಡಿ ನಿಲ್ಲಿಸಿ ಇಳಿದು ಹೋದರು, ಮತ್ತೆ ಆ ಮನೆಗೆ ಕಾಲಿಡಲಿಲ್ಲ. ಎಲೆನ್ ಜೊತೆ ಬರೀ ಸ್ನೇಹವೋ ಅದಕ್ಕಿಂತ ಹೆಚ್ಚೋ ಅನ್ನುವುದರಲ್ಲಿ ಜೀವನಚರಿತ್ರೆ ಬರೆದವರು ಇವತ್ತಿಗೂ ಎರಡು ಪಂಗಡ. ಇಪ್ಪತ್ತು ವರ್ಷ ದಿನಾ ಸಂಜೆ ಒಂದೇ ರಂಗದ ಮೇಲೆ ನಿಂತವರ ನಡುವಿನ ನಂಟಿಗೆ ಇನ್ನೊಂದು ಹೆಸರು ಯಾಕೆ ಬೇಕು ಅಂತ ನನಗನ್ನಿಸುತ್ತದೆ.

ಲೇಡಿ ಮ್ಯಾಕ್‌ಬೆತ್ ಉಡುಪಿನಲ್ಲಿ ನಿಜವಾಗಿಯೂ ಹುಳುಗಳ ರೆಕ್ಕೆ ಇತ್ತಾ?

ಇತ್ತು, ಈಗಲೂ ಇದೆ. ಇಲ್ಲೇ ನಮಗೂ ಒಂದು ಎಳೆ ಸಿಗುವುದು. ಊರ ಕಡೆ ಬೆಳೆದವರು ಚಿಕ್ಕಂದಿನಲ್ಲಿ ಬೆಂಕಿಪೊಟ್ಟಣದಲ್ಲಿ ಜೀರ್ಜಿಂಬೆ ಸಾಕಿರುತ್ತೀರಿ, ಜಾಲಿ ಸೊಪ್ಪು ಹಾಕಿ. ಹಸಿರು ನೀಲಿ ಮಿಂಚುವ ಅದರ ಬೆನ್ನು ನೆನಪಿದೆ ಅಲ್ವಾ? ಆ ಕುಟುಂಬದ ಹುಳುಗಳ ಗಟ್ಟಿ ರೆಕ್ಕೆಗಳನ್ನು ಬಟ್ಟೆಗೆ ಹೊಲಿಯುವ ಕಸೂತಿ ಭಾರತದಲ್ಲಿ ಹಳೆಯದು. ಹತ್ತೊಂಬತ್ತನೇ ಶತಮಾನದಲ್ಲಿ ಮದ್ರಾಸು, ಕಲ್ಕತ್ತೆಗಳಿಂದ ಅಂಥ ಬಟ್ಟೆ ಇಂಗ್ಲೆಂಡಿಗೆ ಹೋಗುತ್ತಿತ್ತು. ಅಲ್ಲಿನ ಶ್ರೀಮಂತ ಹೆಂಗಸರಿಗೆ ಅದೊಂದು ಹುಚ್ಚು.

1888ರ ಡಿಸೆಂಬರ್ 29ಕ್ಕೆ ‘ಮ್ಯಾಕ್‌ಬೆತ್’ ಶುರುವಾಯಿತು. ಉಡುಪಿನ ಕಲ್ಪನೆ ಆಲಿಸ್ ಕಾಮಿನ್ಸ್ ಕಾರ್ ಅವರದು, ಹೊಲಿದವರು ಏಡಾ ನೆಟಲ್‌ಶಿಪ್. ಕಬ್ಬಿಣದ ಕವಚದ ಹಾಗೂ ಕಾಣಬೇಕು, ಹಾವಿನ ಪೊರೆಯ ಹಾಗೂ ಕಾಣಬೇಕು. ಹಸಿರು ನೂಲಿಗೆ ನೀಲಿ ಮಿಂಚಿನ ಎಳೆ ಸೇರಿಸಿ ಕ್ರೋಷಾ ಹೆಣೆದರು. ಅದರ ಮೇಲೆ ಸಾವಿರದಷ್ಟು ರೆಕ್ಕೆ. ಮೊಣಕಾಲು ಮುಟ್ಟುವ ಕೆಂಪು ಜಡೆಗಳು. ಅದರ ಚೆಲುವು ಇರುವುದು ಬಣ್ಣದಲ್ಲಿ, ಫೋಟೊದಲ್ಲಿ ಏನೂ ಗೊತ್ತಾಗುವುದಿಲ್ಲ ಅಂತ ಎಲೆನ್ ಮಗಳಿಗೆ ಕಾಗದ ಬರೆದರು.

ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ ಮೊದಲ ರಾತ್ರಿಯೇ ನೋಡಿ, ಬರೆಯಲೇಬೇಕು ಅಂದರು. ಎಲೆನ್ ಆ ಉಡುಪಿನಲ್ಲೇ ಗಾಡಿಯಲ್ಲಿ ಕೂತು ಟೈಟ್ ಸ್ಟ್ರೀಟಿನ ಅವರ ಮನೆಗೆ ಹೋಗುತ್ತಿದ್ದರು. ಅದೇ ಬೀದಿಯಲ್ಲಿದ್ದ ಆಸ್ಕರ್ ವೈಲ್ಡ್, ಮಳೆಯ ಬೆಳಿಗ್ಗೆ ಲೇಡಿ ಮ್ಯಾಕ್‌ಬೆತ್ ಗಾಡಿಯಲ್ಲಿ ಹೋದ ಬೀದಿ ಇನ್ನು ಬೇರೆ ಬೀದಿಗಳಂತೆ ಇರಲಾರದು ಅಂದರು. ಇನ್ನೊಂದು ಚೇಷ್ಟೆಯನ್ನೂ ಮಾಡಿದರು: ಗಂಡನಿಗೂ ಆಳುಗಳಿಗೂ ಊರಿನ ಬಟ್ಟೆ ಕೊಡಿಸುವ ಈ ಲೇಡಿ ಮ್ಯಾಕ್‌ಬೆತ್, ತನಗೆ ಬೇಕಾದದ್ದನ್ನು ಮಾತ್ರ ದೂರದ ಬೈಜಾಂಟಿಯಂಗೆ (ಈಗಿನ ಇಸ್ತಾಂಬುಲ್) ಹೋಗಿ ತರುತ್ತಾಳೆ! ಚಿತ್ರದಲ್ಲಿ ಅವರು ತಮ್ಮ ತಲೆಗೆ ತಾವೇ ಕಿರೀಟ ಇಟ್ಟುಕೊಳ್ಳುತ್ತಿದ್ದಾರೆ. ನಾಟಕದಲ್ಲಿ ಆ ಸೀನೇ ಇಲ್ಲ. ಚಿತ್ರ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಉಡುಪು ಸ್ಮಾಲ್‌ಹೈತ್‌ನ ಅವರ ಮನೆಯಲ್ಲಿದೆ. ಹರಿದು ಜೋತುಬಿದ್ದಿದ್ದನ್ನು ಸರಿಮಾಡಲು 1,300 ಗಂಟೆ ಕೆಲಸ ಹಿಡಿಯಿತು, 2011ರಲ್ಲಿ ಮುಗಿಯಿತು. ದಾರ ಬಣ್ಣಗೆಟ್ಟಿದೆ. ರೆಕ್ಕೆಯ ಹಸಿರು ಹಾಗೇ ಇದೆ.

ಆ ಪಾರ್ಟು ಜನರಿಗೆ ಹಿಡಿಸಿತಾ?

ಜಗಳವೇ ಆಯಿತು. ಲೇಡಿ ಮ್ಯಾಕ್‌ಬೆತ್ ಅಂದರೆ ರಾಕ್ಷಸಿ ಅಂತಲೇ ಜನ ನಂಬಿದ್ದ ಕಾಲ ಅದು. ಎಲೆನ್ ತಮ್ಮ ಪ್ರತಿಯಲ್ಲಿ ಬರೆದುಕೊಂಡದ್ದು ಬೇರೆ: ಇವಳು ಪಾರಿವಾಳವೇನಲ್ಲ, ಆದರೆ ಎಲ್ಲಕ್ಕಿಂತ ಮೊದಲು ಹೆಂಡತಿ. ಗಂಡನಿಗಾಗಿ ತಪ್ಪು ದಾರಿ ಹಿಡಿದವಳು. ಕೆಲವು ವಿಮರ್ಶಕರು ತೀರಾ ಮೃದು ಆಯಿತು ಅಂದರು. ನಾಟಕ 150ಕ್ಕೂ ಹೆಚ್ಚು ರಾತ್ರಿ ತುಂಬಿ ನಡೆಯಿತು.

ಅವರು ‘ಸಹಜ’ ನಟಿ ಅಂತಾರೆ. ಹಾಗಂದರೆ?

ಆ ಮಾತು ಕೇಳಿದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ರಂಗದ ಮೇಲೆ ಅವರು ತೇಲುವ ಹಾಗೆ ನಡೆಯುತ್ತಿದ್ದರು, ಮಾತು ಆಗಷ್ಟೇ ಹೊಳೆದ ಹಾಗೆ ಬರುತ್ತಿತ್ತು ಅಂತ ನೋಡಿದವರು ಬರೆದಿದ್ದಾರೆ. ನಿಜ ಇರಬಹುದು. ಆದರೆ ಸ್ಮಾಲ್‌ಹೈತ್‌ನಲ್ಲಿ ಉಳಿದಿರುವ ಅವರ ನಾಟಕದ ಪ್ರತಿಗಳನ್ನು ನೋಡಿ. ಅಂಚು ಪೂರ್ತಿ ಟಿಪ್ಪಣಿ. ಎಲ್ಲಿ ಉಸಿರು, ಎಲ್ಲಿ ತಡೆ, ಎಲ್ಲಿ ನಗು, ಎಲ್ಲ ಲೆಕ್ಕ ಹಾಕಿದ್ದು. ಸಾಲುಗಳ ಕೆಳಗೆ ಗೆರೆ, ಗೆರೆಯ ಮೇಲೆ ಗೆರೆ. ಚೆಲುವೆ, ಮೋಹಕ, ಹುಟ್ಟಿನಿಂದ ಬಂದದ್ದು ಅಂತ ಹೊಗಳಿ, ಆ ಕೆಲಸವನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟರು. ಗಂಡಸು ಮಾಡಿದರೆ ಸಾಧನೆ, ಹೆಂಗಸು ಮಾಡಿದರೆ ಸಹಜ!

ಮಾಡಬೇಕು ಅಂದುಕೊಂಡು ಸಿಗದೇ ಹೋದ ಪಾರ್ಟು ಇದೆಯಾ?

‘ಆ್ಯಸ್ ಯು ಲೈಕ್ ಇಟ್’ನ ರೊಸಾಲಿಂಡ್. ಮಾತಿನಲ್ಲಿ ಚುರುಕು, ಗಂಡು ವೇಷ, ಪ್ರೀತಿ, ತಮಾಷೆ ಎಲ್ಲ ಇರುವ ಪಾರ್ಟು. ಇವರಿಗಾಗಿಯೇ ಬರೆದ ಹಾಗಿದೆ. ಲೈಸಿಯಂನಲ್ಲಿ ಆ ನಾಟಕ ಆಡಲೇ ಇಲ್ಲ. ಅದರಲ್ಲಿ ಇರ್ವಿಂಗ್‌ಗೆ ಒಪ್ಪುವ ದೊಡ್ಡ ಪಾರ್ಟು ಇಲ್ಲವಲ್ಲ. ಇದು ತಮ್ಮ ಬಾಳಿನ ದೊಡ್ಡ ನಿರಾಸೆ ಅಂತ ಎಲೆನ್ ಹೇಳಿಕೊಂಡಿದ್ದಾರೆ. ಇಂಗ್ಲೆಂಡಿನ ಅತಿ ದೊಡ್ಡ ನಟಿಗೂ ಕಂಪನಿ ಯಜಮಾನನ ಪಾರ್ಟು ನೋಡಿಕೊಂಡೇ ನಾಟಕ ಸಿಗುತ್ತಿತ್ತು.

ಬರ್ನಾರ್ಡ್ ಶಾ ಜೊತೆಗಿನ ಕಾಗದಗಳ ವಿಷಯ ಹೇಳಿ.

1892ರಲ್ಲಿ ಶುರುವಾಯಿತು. 1895ರ ನಂತರ ಜೋರಾಯಿತು. ಇಬ್ಬರೂ ಒಂದೇ ಊರಲ್ಲಿದ್ದರು, ಆದರೆ ಬೇಕೆಂದೇ ಭೇಟಿಯಾಗಲಿಲ್ಲ. ಕಾಗದದಲ್ಲೇ ಪ್ರೀತಿ, ಜಗಳ, ನಾಟಕದ ಪಾಠ. ಶಾ ಆಗ ಪತ್ರಿಕೆಯ ವಿಮರ್ಶಕ. ಇರ್ವಿಂಗ್ ಮೇಲೆ ಬೆಂಕಿ ಕಾರುತ್ತಿದ್ದರು: ಹಳೆಯ ನಾಟಕಗಳಲ್ಲಿ ಈ ನಟಿಯನ್ನು ಹಾಳು ಮಾಡುತ್ತಿದ್ದಾನೆ ಅಂತ. ‘ಸಿಂಬೆಲಿನ್’ನ ಇಮೋಜೆನ್ ಪಾರ್ಟು ಹೇಗೆ ಮಾಡಬೇಕು ಅಂತ ಇಬ್ಬರೂ ಬರೆದುಕೊಂಡ ಕಾಗದಗಳನ್ನು ಯಾವ ನಟಿ ಓದಿದರೂ ಲಾಭವಿದೆ. ಸಾಲು ಸಾಲು ಹಿಡಿದು ಚರ್ಚೆ.

ಮೊದಲ ಸಲ ಮುಖಾಮುಖಿಯಾದದ್ದು 1900ರಲ್ಲಿ. ಕಾಗದ ಅಲ್ಲಿಗೆ ಕಡಿಮೆಯಾಯಿತು! ‘ಕ್ಯಾಪ್ಟನ್ ಬ್ರಾಸ್‌ಬೌಂಡ್ಸ್ ಕನ್ವರ್ಷನ್’ ನಾಟಕವನ್ನು ಶಾ ಇವರಿಗಾಗಿಯೇ 1899ರಲ್ಲಿ ಬರೆದರು. ಇದು ನನಗೆ ಒಗ್ಗುವ ನಾಟಕವೇ ಅಲ್ಲ ಅಂದಿದ್ದ ಎಲೆನ್ 1906ರಲ್ಲಿ ಅದನ್ನು ಆಡಿದರು. ಕಾಗದಗಳು ಪುಸ್ತಕವಾಗಿ 1931ರಲ್ಲಿ ಬಂದವು. ಮಗನಿಗೆ ಅದು ಸ್ವಲ್ಪವೂ ಇಷ್ಟವಿರಲಿಲ್ಲ.

ಇರ್ವಿಂಗ್ ಕಂಪನಿ ಬಿಟ್ಟದ್ದು ಯಾಕೆ?

ಒಂದೇ ದಿನದ ಜಗಳ ಅಲ್ಲ. 1898ರಲ್ಲಿ ಲೈಸಿಯಂನ ಪರದೆ, ಸಾಮಾನು ಇಟ್ಟಿದ್ದ ಉಗ್ರಾಣ ಸುಟ್ಟುಹೋಯಿತು. ನಲವತ್ತಕ್ಕೂ ಹೆಚ್ಚು ನಾಟಕಗಳ ಸಾಮಾನು ಬೂದಿ. ವಿಮೆಯನ್ನು ಸ್ವಲ್ಪ ಹಿಂದಷ್ಟೇ ಕಡಿಮೆ ಮಾಡಿಸಿದ್ದರು. ಅದೇ ವರ್ಷ ಇರ್ವಿಂಗ್ ಕಾಯಿಲೆ ಬಿದ್ದರು. ಥಿಯೇಟರ್ ಅವರ ಕೈತಪ್ಪಿತು. ಇತ್ತ ಐವತ್ತು ದಾಟಿದ ಎಲೆನ್‌ಗೆ ಹೊಸ ನಾಟಕಗಳಲ್ಲಿ ಪಾರ್ಟುಗಳೇ ಇಲ್ಲ. 1902ರ ಜುಲೈನಲ್ಲಿ ಇಬ್ಬರೂ ಲೈಸಿಯಂನಲ್ಲಿ ಕೊನೆಯ ಸಲ ಒಟ್ಟಿಗೆ ನಿಂತರು, ಮತ್ತೆ ‘ಮರ್ಚೆಂಟ್ ಆಫ್ ವೆನಿಸ್’ನಲ್ಲೇ. ಇರ್ವಿಂಗ್ 1905ರ ಅಕ್ಟೋಬರ್ 13ರಂದು ಬ್ರಾಡ್‌ಫರ್ಡ್‌ನಲ್ಲಿ, ನಾಟಕ ಮುಗಿಸಿ ಹೋಟೆಲಿಗೆ ಬಂದು, ಬಾಗಿಲಲ್ಲೇ ಕುಸಿದು ತೀರಿಕೊಂಡರು.

ಎಷ್ಟು ಸಲ ಮದುವೆಯಾದರು?

ಮೂರು ಸಲ. ವಾಟ್ಸ್, ಆಮೇಲೆ 1877ರಲ್ಲಿ ನಟ ಚಾರ್ಲ್ಸ್ ವಾರ್ಡೆಲ್, ಆಮೇಲೆ 1907ರಲ್ಲಿ ಅಮೆರಿಕದ ನಟ ಜೇಮ್ಸ್ ಕೆರ್ಯೂ. ಕೆರ್ಯೂ ಇವರಿಗಿಂತ ಸುಮಾರು 29 ವರ್ಷ ಚಿಕ್ಕವರು. ಮೂರೂ ನಿಲ್ಲಲಿಲ್ಲ. ಮಕ್ಕಳ ತಂದೆ ಗಾಡ್ವಿನ್ ಈ ಲೆಕ್ಕದಲ್ಲೇ ಇಲ್ಲ.

ಮಕ್ಕಳು ಏನಾದರು?

ಇಬ್ಬರೂ ರಂಗಭೂಮಿಯವರೇ. ಮಗ ಎಡ್ವರ್ಡ್ ಗಾರ್ಡನ್ ಕ್ರೇಗ್ ಆಧುನಿಕ ರಂಗವಿನ್ಯಾಸಕ್ಕೆ ಹೊಸ ದಾರಿ ತೋರಿದವರು. ರಂಗಶಿಕ್ಷಣ ಪಡೆದ ಯಾರಿಗಾದರೂ ಈ ಹೆಸರು ಗೊತ್ತಿರುತ್ತದೆ. ಅವರು ನಡೆಸುತ್ತಿದ್ದ ‘ದ ಮಾಸ್ಕ್’ ಪತ್ರಿಕೆಯಲ್ಲಿ 1913ರಲ್ಲಿ ಕಲಾ ಚಿಂತಕ ಆನಂದ ಕುಮಾರಸ್ವಾಮಿ ಭಾರತದ ನಾಟ್ಯದ ಬಗ್ಗೆ ಬರೆದರು. ಮಗನ ಕನಸಿಗಾಗಿ ಅಮ್ಮ 1903ರಲ್ಲಿ ಇಂಪೀರಿಯಲ್ ಥಿಯೇಟರ್ ಹಿಡಿದು ನಾರ್ವೆಯ ನಾಟಕಕಾರ ಇಬ್ಸೆನ್‌ರ ವೈಕಿಂಗ್ ನಾಟಕ ಆಡಿಸಿದರು. ವಿನ್ಯಾಸ ಅದ್ಭುತ, ಗಲ್ಲಾಪೆಟ್ಟಿಗೆ ಖಾಲಿ. ದುಡ್ಡು ಅಮ್ಮನದೇ ಹೋಯಿತು.

ಮಗಳು ಎಡಿತ್ ಕ್ರೇಗ್ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ಉಡುಪು ಮಾಡಿದರು, ನಿರ್ದೇಶನ ಮಾಡಿದರು, ಹೆಂಗಸರಿಗೆ ಓಟಿನ ಹಕ್ಕು ಬೇಕು ಅಂತ ಹೋರಾಡಿದರು, 1911ರಲ್ಲಿ ಪಯೋನಿಯರ್ ಪ್ಲೇಯರ್ಸ್ ಎಂಬ ತಂಡ ಕಟ್ಟಿದರು. ಅಮ್ಮನನ್ನು ಕೊನೆತನಕ ನೋಡಿಕೊಂಡವರೂ ಅವರೇ.

ಜಾನ್ ಗಿಲ್ಗುಡ್ ಇವರಿಗೆ ನೆಂಟರಾ?

ಹೌದು. ಇಪ್ಪತ್ತನೇ ಶತಮಾನದ ಹೆಸರಾಂತ ಇಂಗ್ಲಿಷ್ ನಟ ಗಿಲ್ಗುಡ್, ಅಕ್ಕ ಕೇಟ್‌ರ ಮೊಮ್ಮಗ.

ವಯಸ್ಸಾದ ಮೇಲೆ ಏನು ಮಾಡಿದರು?

ದುಡಿದರು. ಷೇಕ್ಸ್‌ಪಿಯರ್‌ನ ಹೆಣ್ಣುಪಾತ್ರಗಳ ಬಗ್ಗೆ ಉಪನ್ಯಾಸ ಮಾಡುತ್ತ ಅಮೆರಿಕ, ಆಸ್ಟ್ರೇಲಿಯಾ ಸುತ್ತಿದರು. ಬರೀ ಭಾಷಣ ಅಲ್ಲ, ನಡುನಡುವೆ ಅಭಿನಯ. ಒಬ್ಬರೇ ನಿಂತು, ಇರ್ವಿಂಗ್ ಇಲ್ಲದೆ, ತಾವು ಆಡದೇ ಉಳಿದ ಪಾರ್ಟುಗಳನ್ನೂ ಜನರ ಮುಂದೆ ತಂದರು. ಕಣ್ಣು ಮಂಜಾಗುತ್ತಿತ್ತು, ಹಾಗಾಗಿ ಬರಹವನ್ನು ದೊಡ್ಡ ದೊಡ್ಡ ಅಕ್ಷರದಲ್ಲಿ ಇಟ್ಟುಕೊಳ್ಳುತ್ತಿದ್ದರು. 1919ರಲ್ಲಿ ‘ರೋಮಿಯೋ ಅಂಡ್ ಜೂಲಿಯೆಟ್’ನ ದಾದಿಯ ಪಾರ್ಟು ಮಾಡುವಾಗ ಮಾತು ಮರೆತುಹೋಗುತ್ತಿತ್ತು. ಜೊತೆಯವರು ಪಿಸುಗುಟ್ಟಿ ನೆನಪಿಸುತ್ತಿದ್ದರು. ಜನ ಬೇಜಾರು ಮಾಡಿಕೊಳ್ಳಲಿಲ್ಲ. 1925ರಲ್ಲಿ ‘ಡೇಮ್’ ಪದವಿ ಬಂತು, ಅದು ಹೆಂಗಸರಿಗೆ ಕೊಡುವ ‘ಸರ್’ ಇದ್ದ ಹಾಗೆ. ಇಷ್ಟು ತಡವಾದದ್ದು ಯಾಕೆ ಅಂತ ಕೇಳಿದರೆ, ಮದುವೆಯಿಲ್ಲದೆ ಹುಟ್ಟಿದ ಆ ಎರಡು ಮಕ್ಕಳ ವಿಷಯ ನೆನೆಸಿಕೊಳ್ಳಿ. ಅದೇ ವರ್ಷ ಕೊನೆಯ ಸಲ ರಂಗ ಹತ್ತಿದರು.

ಸಾವಿನ ಮೆರವಣಿಗೆಗೆ ಜನ ಬಣ್ಣದ ಬಟ್ಟೆ ಹಾಕಿದ್ದರಂತೆ?

ನಾನು ಹೋದಾಗ ಗೋಳು ಬೇಡ ಅನ್ನುವ ಒಂದು ಪದ್ಯವನ್ನು ಅವರು ಬರೆದಿಟ್ಟಿದ್ದರು. ಹಾಗಾಗಿ ಕಪ್ಪು ಬೇಡ ಅಂದರು ಮನೆಯವರು. ಬೂದಿಯನ್ನು ಬೆಳ್ಳಿಯ ಪಾತ್ರೆಯಲ್ಲಿಟ್ಟು ಲಂಡನ್ನಿನ ಕವೆಂಟ್ ಗಾರ್ಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಇಟ್ಟಿದ್ದಾರೆ. ಅದನ್ನು ನಟರ ಚರ್ಚು ಅಂತಲೇ ಕರೆಯುತ್ತಾರೆ. ಸ್ಮಾಲ್‌ಹೈತ್‌ನ ಮನೆಯನ್ನು ಎಡಿತ್ ಮ್ಯೂಸಿಯಂ ಮಾಡಿದರು, 1939ರಲ್ಲಿ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಕೊಟ್ಟರು. ಪಕ್ಕದ ಕಣಜವನ್ನೇ ಪುಟ್ಟ ಥಿಯೇಟರ್ ಮಾಡಿದ್ದಾರೆ.

ಇವರ ಬಗ್ಗೆ ತಿಳಿಯಲು ಎಲ್ಲಿಂದ ಶುರು ಮಾಡಲಿ?

1911ರಲ್ಲಿ ಅಮೆರಿಕದಲ್ಲಿ ಮಾಡಿದ ಗ್ರಾಮಫೋನ್ ರೆಕಾರ್ಡುಗಳಿವೆ. ಪೋರ್ಷಿಯಾಳ ಕರುಣೆಯ ಮಾತು, ಒಫೀಲಿಯಾಳ ಹುಚ್ಚಿನ ಸೀನು ಅದರಲ್ಲಿವೆ. ಗರಗರ ಸದ್ದಿನ ನಡುವೆ 64ರ ಹೆಂಗಸು ಹುಡುಗಿಯಾಗಿ ಹಾಡುತ್ತಾರೆ. ನೆಟ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಇಯರ್‌ಫೋನ್ ಹಾಕಿ ಕೇಳಿ, ಮೊದಲ ಸಲ ಏನೂ ತಿಳಿಯದಿದ್ದರೆ ಇನ್ನೊಮ್ಮೆ ಕೇಳಿ.

ಆಮೇಲೆ 1908ರ ಆತ್ಮಕಥೆ. ಹಕ್ಕು ಮುಗಿದಿರುವುದರಿಂದ ಬಿಟ್ಟಿಯಾಗಿಯೇ ಓದಬಹುದು. ಗಾಡ್ವಿನ್ ಹೆಸರನ್ನು ಆದಷ್ಟು ಮರೆಸಿ ಬರೆದಿದ್ದಾರೆ, ಅದು ಆ ಕಾಲದ ಕಷ್ಟ. ಆದರೂ ಮಾತು ಎದುರು ಕೂತು ಆಡಿದ ಹಾಗಿದೆ. ತೆರೆದ ಕೂಡಲೇ ಅವರ ಮೊದಲ ನೆನಪು ಬರುತ್ತದೆ. ಅಪ್ಪ ಅಮ್ಮ ನಾಟಕಕ್ಕೆ ಹೋಗುವಾಗ ಮಗುವನ್ನು ಸುಣ್ಣ ಬಳಿದ ಅಟ್ಟದ ಕೋಣೆಯಲ್ಲಿ ಬಿಟ್ಟು ಬೀಗ ಹಾಕಿ ಹೋಗುತ್ತಿದ್ದರು. ಮಗು ಅಲ್ಲಿದ್ದ ಓಕ್ ಮರದ ಮೇಜಿನ ಮೇಲೆ ಹತ್ತಿ ಕಿಟಕಿಯಿಂದ ನೋಡುತ್ತದೆ. ಗುಡ್ಡದ ಕೆಳಗೆ ದೊಡ್ಡ ಊರು, ಸಾವಿರ ಚಿಮಣಿಗಳ ಹೊಗೆ, ಹೊಗೆಯಾಚೆ ಮುಳುಗುವ ಸೂರ್ಯ. ಬಣ್ಣವೆಲ್ಲ ಆರಿ ಕತ್ತಲಾದ ಮೇಲೆ ಕುಲುಮೆಗಳ ಬೆಂಕಿ ಒಂದೊಂದಾಗಿ ಕಾಣುತ್ತದೆ. ಅಪ್ಪ ಅಮ್ಮ ಇನ್ನೂ ಬಂದಿರುವುದಿಲ್ಲ.